ಸೊಂಟಕ್ಕೆ ಪ್ಲಾಸ್ಟರ್ ಹಾಕಿದ ಮಗುವಿನ ಆರೈಕೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಎದೆಯ ಕೆಳಗಿನಿಂದ ಶುರುವಾಗಿ, ಸೊಂಟ ಸುತ್ತಿ, ಒಂದು ಅಥವಾ ಎರಡೂ ಕಾಲಿನ ಪಾದದ ಹತ್ತಿರದವರೆಗೆ ಬರುವ ಪ್ಲಾಸ್ಟರಿಗೆ ಡಾಕ್ಟರುಗಳು ‘ಹಿಪ್ ಸ್ಪೈಕಾ’ ಅನ್ನುತ್ತಾರೆ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ‘ಮಗುವಿಗೆ ಸೊಂಟಕ್ಕೆ ಸಿಮೆಂಟ್ ಪಟ್ಟಿ ಹಾಕಿದ್ದಾರೆ’ ಅಂತ ಹೇಳುವುದು ಇದನ್ನೇ. ಚಿಕ್ಕ ಮಕ್ಕಳಿಗೆ ಇದನ್ನು ಹಾಕುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ತೊಡೆಯ ಮೂಳೆ ಮುರಿದಾಗ. 6 ತಿಂಗಳಿಂದ 5 ವರ್ಷದವರೆಗಿನ ಹೆಚ್ಚಿನ ಮಕ್ಕಳಲ್ಲಿ ಈ ಮೂಳೆ ಪ್ಲಾಸ್ಟರಿನಲ್ಲೇ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಇನ್ನೊಂದು, ಹುಟ್ಟಿನಿಂದಲೇ ಸೊಂಟದ ಕೀಲು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ಜಾರಿದ್ದಾಗ. ಡಾಕ್ಟರು ಅದನ್ನು ಕೂರಿಸಿ, ಮತ್ತೆ ಜಾರದ ಹಾಗೆ ಪ್ಲಾಸ್ಟರ್ ಹಾಕುತ್ತಾರೆ. ಇದು ಸುಮಾರು 3 ತಿಂಗಳ ಮಾತು. ನಡುವೆ ಒಮ್ಮೆ ಅರಿವಳಿಕೆ ಕೊಟ್ಟು ಪ್ಲಾಸ್ಟರ್ ಬದಲಾಯಿಸುವುದೂ ಉಂಟು.

ನನ್ನ ಮಗಳಿಗೆ ಹಾಕಿದ್ದು ಎರಡನೇ ಕಾರಣಕ್ಕೆ, ಅದೂ ಜುಲೈ ತಿಂಗಳಲ್ಲಿ. ಒಗೆದ ಟವೆಲ್ಲು ಮೂರು ದಿನವಾದರೂ ಒಣಗದ ಕಾಲ ಅದು. ಹಾಗಾಗಿ ಈ ಬರಹದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂಳೆ ಕೂರಿಸುವುದು ಡಾಕ್ಟರ ಕೆಲಸ. ಮನೆಯವರ ಕೆಲಸ ಪ್ಲಾಸ್ಟರ್ ಒಣಗಿರುವಂತೆ ಕಾಯುವುದು, ಅದರ ಅಂಚಿನ ಚರ್ಮವನ್ನೂ ಕಾಲ್ಬೆರಳನ್ನೂ ದಿನಾ ಕಣ್ಣಿಟ್ಟು ನೋಡುವುದು. ಈ ಎರಡು ಸರಿಯಿದ್ದರೆ ಉಳಿದದ್ದನ್ನು ಹೇಗೋ ನಿಭಾಯಿಸಬಹುದು. ನಿಮ್ಮ ಡಾಕ್ಟರು ಬೇರೆ ಥರ ಹೇಳಿದ್ದರೆ ಅವರ ಮಾತೇ ನಡೆಯಲಿ.

ಆಸ್ಪತ್ರೆ ಬಿಡುವ ಮೊದಲು

ಡಿಸ್ಚಾರ್ಜ್ ದಿನ ಎಲ್ಲರಿಗೂ ಮನೆ ಸೇರುವ ಆತುರ. ಆದರೆ ಆ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ವಾರ್ಡಿನಲ್ಲೇ, ನರ್ಸ್ ಪಕ್ಕದಲ್ಲಿರುವಾಗಲೇ, ಡೈಪರ್ ಬದಲಾಯಿಸುವುದು ಮತ್ತು ಮಗುವನ್ನು ಮಗ್ಗುಲು ಮಾಡುವುದು ಇವೆರಡನ್ನು ನಿಮ್ಮ ಕೈಯಿಂದಲೇ ಮಾಡಿ ನೋಡಿ. ಮನೆಯಲ್ಲಿ ಜೊತೆಗಿರುವ ಅಜ್ಜಿಯೋ ಅಪ್ಪನೋ ಅವರೂ ಮಾಡಲಿ.

ಕೇಳಿ ಬರೆದುಕೊಳ್ಳಬೇಕಾದ ವಿಷಯ ಕೆಲವಿವೆ. ಹಾಕಿದ್ದು ಪಿಒಪಿಯೋ (ಪ್ಲಾಸ್ಟರ್ ಆಫ್ ಪ್ಯಾರಿಸ್, ಸುಣ್ಣದಂಥ ಬಿಳಿ ಪ್ಲಾಸ್ಟರ್) ಫೈಬರ್ ಗ್ಲಾಸೋ (ಹಗುರವಾದ, ಬೇಗ ಗಟ್ಟಿಯಾಗುವ ಪ್ಲಾಸ್ಟರ್)? ಮಗುವನ್ನು ಬೋರಲು ಮಲಗಿಸಬಹುದಾ? ಕೂರಿಸಬಹುದಾ, ನಿಲ್ಲಿಸಬಹುದಾ? ನೋವಿನ ಔಷಧಿ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ? ಇದು ಮಗುವಿನ ತೂಕದ ಲೆಕ್ಕ, ಅಕ್ಕನ ಮಗುವಿಗೆ ಕೊಟ್ಟ ಅಳತೆ ನಿಮ್ಮ ಮಗುವಿಗೆ ನಡೆಯುವುದಿಲ್ಲ. ಮುಂದಿನ ಎಕ್ಸ್‌ರೇ ಯಾವತ್ತು? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಖರ್ಚಿನ ಬಗ್ಗೆಯೂ ಒಂದು ಮಾತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಹುಟ್ಟಿನಿಂದ ಬಂದ ಸೊಂಟದ ತೊಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಸೇರಿದೆ. ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಈ ಕಾರ್ಯಕ್ರಮದ ತಂಡದವರನ್ನೋ ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಕೇಳಿ.

ಇನ್ನು ಮನೆಗೆ ಬರುವ ದಾರಿ. ಬೈಕು, ಆಟೋ ಬೇಡವೇ ಬೇಡ. ಬಸ್ಸಿನಲ್ಲಿ ಈ ಮಗುವನ್ನು ಮಲಗಿಸಲು ಜಾಗ ಸಿಗುವುದಿಲ್ಲ. ಕಾರಾದರೆ ಹಿಂದಿನ ಸೀಟಿನಲ್ಲಿ ದಿಂಬುಗಳ ಮಧ್ಯೆ ಮಲಗಿಸಿ, ಬೆಲ್ಟನ್ನು ಆದಷ್ಟು ಭದ್ರವಾಗಿ ಬಳಸಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಿ. ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ. ಬೆಂಗಳೂರಿನಿಂದ ಹಾಸನಕ್ಕೇ ಸುಮಾರು 180 ಕಿಲೋಮೀಟರ್ ಆಗುತ್ತದೆ. ದಾರಿಯಲ್ಲಿ ಎರಡು ಸಲವಾದರೂ ನಿಲ್ಲಿಸಿ ಡೈಪರ್ ನೋಡಲೇಬೇಕು. ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುವವರು ಹೊರಡುವ ಮೊದಲು ಹೊಟ್ಟೆ ತುಂಬ ಊಟ ಕೊಡಬೇಡಿ. ತಿರುವಿನಲ್ಲಿ ವಾಂತಿ ಬಂದರೆ ತಕ್ಷಣ ಮಗುವನ್ನು ಇಡಿಯಾಗಿ ಒಂದು ಮಗ್ಗುಲಿಗೆ ತಿರುಗಿಸಿ. ಅಂಗಾತ ಮಲಗಿ ವಾಂತಿ ಮಾಡಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು.

ಮೊದಲ ಎರಡು ಮೂರು ದಿನ: ಪ್ಲಾಸ್ಟರ್ ಒಣಗಬೇಕು

ಫೈಬರ್ ಗ್ಲಾಸ್ ಆದರೆ ಗಂಟೆಯೊಳಗೆ ಗಟ್ಟಿಯಾಗುತ್ತದೆ. ಪಿಒಪಿ ಮೇಲ್ನೋಟಕ್ಕೆ ಬೇಗ ಗಟ್ಟಿಯಾದರೂ ಪೂರ್ತಿ ಒಣಗಲು 48ರಿಂದ 72 ಗಂಟೆ ಬೇಕು. ನಮ್ಮ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಅದನ್ನು ಬೆರಳ ತುದಿಯಿಂದ ಒತ್ತಿ ಹಿಡಿಯಬಾರದು. ಅಂಗೈ ಅಗಲಿಸಿ ಅದರ ಮೇಲೆ ಎತ್ತಬೇಕು. ಬೆರಳು ಒತ್ತಿದ ಕಡೆ ತಗ್ಗು ಬೀಳುತ್ತದೆ. ಆ ತಗ್ಗು ಒಳಗಡೆ ಉಬ್ಬಾಗಿ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ.

ಸೊಂಟದ ಕೆಳಗೆ, ಮಂಡಿಯ ಕೆಳಗೆ ದಿಂಬು ಕೊಟ್ಟು ಪ್ಲಾಸ್ಟರ್ ಎಲ್ಲೂ ನೇತಾಡದ ಹಾಗೆ ಮಾಡಿ. ಹಿಮ್ಮಡಿ ಮಾತ್ರ ದಿಂಬಿನ ಆಚೆ ಗಾಳಿಯಲ್ಲಿರಲಿ. ಮೇಲೆ ರಗ್ಗು ಹೊದಿಸಬೇಡಿ. ಫ್ಯಾನ್ ಹಾಕಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಸುತ್ತಲೂ ಗಾಳಿ ಆಡಲಿ.

ಇಲ್ಲಿ ನಮ್ಮ ಮನೆಗಳ ಅಭ್ಯಾಸವೊಂದನ್ನು ಹೇಳಲೇಬೇಕು. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸಲು ಕೆಂಡದ ಅಗ್ಗಿಷ್ಟಿಕೆ ಇಡುತ್ತೇವೆ ಅಲ್ವಾ? ಅದರ ಹತ್ತಿರ ಈ ಮಗುವನ್ನು ಮಲಗಿಸಿದರೆ ಬೇಗ ಒಣಗುತ್ತದೆ ಅಂತ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಬೇಡ. ಪ್ಲಾಸ್ಟರ್ ಕಾದರೆ ಒಳಗಿನ ಚರ್ಮ ಸುಡುತ್ತದೆ, ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಹೀಟರ್, ಬಿಸಿ ಗಾಳಿಯ ಹೇರ್ ಡ್ರೈಯರ್, ಬಚ್ಚಲೊಲೆಯ ಹತ್ತಿರದ ಬೆಚ್ಚನೆ ಜಾಗ, ಇವಕ್ಕೂ ಇದೇ ಮಾತು.

ಒಣಗಿದ್ದು ಗೊತ್ತಾಗುವುದು ಸುಲಭ. ಹಸಿ ಪಿಒಪಿ ಬೂದು ಬಣ್ಣಕ್ಕಿರುತ್ತದೆ, ಮುಟ್ಟಿದರೆ ತಣ್ಣಗೆ, ಬೆರಳಿನಿಂದ ತಟ್ಟಿದರೆ ಮಂಕು ಸದ್ದು. ಒಣಗಿದ್ದು ಬೆಳ್ಳಗಿರುತ್ತದೆ, ತಟ್ಟಿದರೆ ಟಕ್ ಟಕ್ ಅನ್ನುತ್ತದೆ.

ಒಣಗಿದ ಮೇಲೆ ಅಂಚು ಕಟ್ಟುವ ಕೆಲಸ. ಎಷ್ಟೋ ಕಡೆ ನರ್ಸ್‌ಗಳೇ ಮಾಡಿ ಕಳಿಸುತ್ತಾರೆ. ಇಲ್ಲದಿದ್ದರೆ ಕೇಳಿಕೊಂಡು ನೀವೇ ಮಾಡಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ವಾಟರ್‌ಪ್ರೂಫ್ ಟೇಪನ್ನು ಎರಡು ಮೂರು ಇಂಚಿನ ತುಂಡುಗಳಾಗಿ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿದರೆ ಬೇಗ ಏಳುವುದಿಲ್ಲ. ಒಂದು ತುದಿಯನ್ನು ಪ್ಲಾಸ್ಟರಿನ ಒಳಮೈಗೆ ಅಂಟಿಸಿ, ಅಂಚಿನ ಮೇಲಿಂದ ಮಡಿಸಿ ಇನ್ನೊಂದು ತುದಿಯನ್ನು ಹೊರಮೈಗೆ ಅಂಟಿಸಿ. ಪಕ್ಕದ ತುಂಡು ಇದರ ಮೇಲೆ ಅರ್ಧ ಬರಲಿ, ಹೆಂಚು ಹೊದಿಸಿದ ಹಾಗೆ. ಉಚ್ಚೆ ಕಕ್ಕಕ್ಕೆಂದು ಬಿಟ್ಟ ಜಾಗದ ಸುತ್ತ ಇದು ತುಂಬ ಮುಖ್ಯ. ಚೂಪು ಅಂಚಿನಿಂದ ತೊಡೆ ತರಚುವುದೂ ತಪ್ಪುತ್ತದೆ, ತೇವ ಪ್ಲಾಸ್ಟರಿಗೆ ಇಳಿಯುವುದೂ ತಪ್ಪುತ್ತದೆ.

ಡೈಪರ್: ಇಡೀ ಆರೈಕೆಯ ಹೃದಯ ಇದೇ

ಪ್ಲಾಸ್ಟರ್ ಹಾಳಾಗುವುದು, ಚರ್ಮ ಹುಣ್ಣಾಗುವುದು, ಮನೆಯೆಲ್ಲ ವಾಸನೆ ಬರುವುದು, ಹೆಚ್ಚಿನ ಸಲ ಈ ಒಂದು ಜಾಗದಿಂದಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬಟ್ಟೆಯ ಲಂಗೋಟಿ ಈ ಸಮಯಕ್ಕೆ ಆಗುವುದಿಲ್ಲ. ಹತ್ತಿ ಬಟ್ಟೆ ತೇವವನ್ನು ಹಿಡಿದುಕೊಂಡು ಪಕ್ಕದ ಪ್ಲಾಸ್ಟರಿಗೆ ದಾಟಿಸುತ್ತದೆ. ಬೇಕಾದದ್ದು ಎರಡು ಅಳತೆಯ ಡೈಪರ್. ಒಂದು ಮಗುವಿನ ಮಾಮೂಲಿ ಅಳತೆಗಿಂತ ಚಿಕ್ಕದು, ಒಳಗೆ ಸಿಕ್ಕಿಸಲು. ಇನ್ನೊಂದು ಒಂದೆರಡು ಅಳತೆ ದೊಡ್ಡದು, ಪ್ಲಾಸ್ಟರಿನ ಮೇಲಿಂದ ಕಟ್ಟಲು. ಎರಡೂ ಅಂಟುಪಟ್ಟಿಯ ಥರದ್ದಾಗಿರಲಿ, ಚಡ್ಡಿಯಂತೆ ಏರಿಸುವ ಡೈಪರ್ ಉಪಯೋಗಕ್ಕೆ ಬರುವುದಿಲ್ಲ. ಖರ್ಚು ಉಳಿಸಬೇಕಾದರೆ ಒಳಗಿನದರ ಬದಲು ದೊಡ್ಡ ಸ್ಯಾನಿಟರಿ ಪ್ಯಾಡ್ ಅಥವಾ ಬಾಣಂತಿಯರು ಬಳಸುವ ಪ್ಯಾಡ್ ಸಿಕ್ಕಿಸಬಹುದು. ಚೆನ್ನಾಗಿಯೇ ಕೆಲಸ ಮಾಡುತ್ತದೆ.

1. ಬೇಕಾದದ್ದನ್ನೆಲ್ಲ ಮೊದಲೇ ಕೈಗೆಟಕುವಲ್ಲಿ ಇಟ್ಟುಕೊಳ್ಳಿ: ಎರಡು ಡೈಪರ್, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ, ಒಣ ಬಟ್ಟೆ, ಟಾರ್ಚ್. ಕೈ ತೊಳೆಯಿರಿ.

2. ಹಳೆಯದನ್ನು ತೆಗೆಯುವಾಗ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಕಕ್ಕ ಇದ್ದರೆ ಮಗುವನ್ನು ಮೊದಲು ಮಗ್ಗುಲಾಗಿ ತಿರುಗಿಸಿ, ಅಂಚಿಗೆ ತಾಗದ ಹಾಗೆ ಡೈಪರಿನಲ್ಲೇ ಒಟ್ಟುಗೂಡಿಸಿ ತೆಗೆಯಿರಿ.

3. ಹಿಂಡಿದ ಬಟ್ಟೆಯಿಂದ ಒರೆಸಿ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಮಗ್ಗಿನಲ್ಲಿ ನೀರು ಸುರಿದು ತೊಳೆಯುವಂತಿಲ್ಲ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ.

4. ಟಾರ್ಚ್ ಹಿಡಿದು ಅಂಚಿನ ಸುತ್ತ ಚರ್ಮ ನೋಡಿ. ಟೇಪ್ ಎದ್ದಿದ್ದರೆ ಬದಲಾಯಿಸಿ.

5. ಚಿಕ್ಕ ಡೈಪರನ್ನು ಬಿಚ್ಚಿ, ಪ್ಲಾಸ್ಟರಿನ ಅಂಚಿನ ಒಳಗಡೆ ಹಿಂದೆ, ಮುಂದೆ, ಎರಡೂ ಪಕ್ಕ ಬೆರಳಿನಿಂದ ಮೆಲ್ಲಗೆ ಸಿಕ್ಕಿಸಿ. ಗಂಡುಮಗುವಿಗೆ ಮುಂಭಾಗ ದಪ್ಪವಿರಲಿ, ಹೆಣ್ಣುಮಗುವಿಗೆ ಹಿಂಭಾಗ. ತುರುಕಿ ತುಂಬಬೇಡಿ, ಗಂಟಾಗಿ ಕುಂಡಿಗೆ ಒತ್ತುತ್ತದೆ.

6. ದೊಡ್ಡ ಡೈಪರನ್ನು ಪ್ಲಾಸ್ಟರಿನ ಮೇಲಿಂದ ಕಟ್ಟಿ. ಇದರ ಕೆಲಸ ಒಳಗಿನದನ್ನು ಜಾರದಂತೆ ಹಿಡಿದಿಡುವುದು.

ಹಗಲು ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಕನಿಷ್ಠ ಒಂದು ಸಲ ಬದಲಾಯಿಸಿ. ಕಕ್ಕವಾದರೆ ಆ ಕ್ಷಣವೇ. ಮಳೆಗಾಲದ ರಾತ್ರಿ ಕರೆಂಟು ಹೋಗಿರುತ್ತದೆ, ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ, ಮಗು ಗಾಢ ನಿದ್ದೆಯಲ್ಲಿರುತ್ತದೆ. ಎಬ್ಬಿಸಲು ಮನಸ್ಸು ಬರುವುದಿಲ್ಲ. ಆದರೂ ಫೋನಿನಲ್ಲಿ ಅಲಾರಂ ಇಟ್ಟು ಏಳಿ. ನಾನು ಹಣೆಗೆ ಕಟ್ಟುವ ಟಾರ್ಚ್ ತರಿಸಿಕೊಂಡಿದ್ದೆ. ಎರಡೂ ಕೈ ಖಾಲಿ ಇರುವುದರಿಂದ ಮಗಳಿಗೆ ಎಚ್ಚರವಾಗುವ ಮೊದಲೇ ಕೆಲಸ ಮುಗಿಯುತ್ತಿತ್ತು.

ಇನ್ನೊಂದು ಉಪಾಯ ಎಲ್ಲಕ್ಕಿಂತ ದೊಡ್ಡದು, ಕಾಸಿನ ಖರ್ಚಿಲ್ಲ. ಮಗುವಿನ ತಲೆ, ಬೆನ್ನು ಯಾವಾಗಲೂ ಕುಂಡಿಗಿಂತ ಎತ್ತರದಲ್ಲಿರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ, ಅಥವಾ ಹಾಸಿಗೆಯ ಕೆಳಗೆ ಮಡಿಸಿದ ಜಮಖಾನ ಇಡಿ. ಉಚ್ಚೆ ಕೆಳಮುಖವಾಗಿ ಡೈಪರಿಗೇ ಇಳಿಯುತ್ತದೆ. ಚಪ್ಪಟೆ ಮಲಗಿದರೆ ಬೆನ್ನಿನ ಪ್ಲಾಸ್ಟರಿನೊಳಗೆ ಹರಿಯುತ್ತದೆ.

ಡೈಪರ್ ಬಿಟ್ಟ ದೊಡ್ಡ ಮಗುವಾದರೆ ಬೆಡ್‌ಪ್ಯಾನ್ ಇಡಿ, ಗಂಡುಮಗುವಿಗೆ ಬಾಟಲಿ ಸಾಕು. ಹಿಂದಿನ ಅಂಚಿಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸಿಕ್ಕಿಸಿ ಬೆಡ್‌ಪ್ಯಾನಿನೊಳಗೆ ಇಳಿಬಿಟ್ಟರೆ ಪ್ಲಾಸ್ಟರ್ ನೆನೆಯುವುದಿಲ್ಲ. ಮುಗಿದ ಮೇಲೆ ಆ ಹಾಳೆಯನ್ನು ತೆಗೆಯಿರಿ. ಪ್ಲಾಸ್ಟರಿನ ಹೊರಗೆ ಕಕ್ಕ ತಾಗಿದರೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗೆ ಒಣಗಿಸಿ. ಒಳಗೆ ಹೋಗಿ ನೆನೆದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಭೇದಿ ಶುರುವಾದರೂ ಹಾಗೆಯೇ, ಮೊದಲ ದಿನವೇ ತಿಳಿಸಿ.

ಬೆಳಿಗ್ಗೆ ಸಂಜೆ ನೋಡಬೇಕಾದದ್ದು

ಕಾಲ್ಬೆರಳಿನಿಂದ ಶುರು ಮಾಡಿ. ಹೆಬ್ಬೆರಳಿನ ಉಗುರನ್ನು ಒತ್ತಿದರೆ ಬೆಳ್ಳಗಾಗುತ್ತದೆ, ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ಬೆರಳು ಬೆಚ್ಚಗಿರಬೇಕು. ಕಚಗುಳಿ ಇಟ್ಟರೆ ಅಲುಗಾಡಿಸಬೇಕು. ಎರಡೂ ಕಾಲನ್ನು ಹೋಲಿಸಿ ನೋಡಿ.

ಆಮೇಲೆ ಎಲ್ಲ ಅಂಚುಗಳು: ಎದೆಯ ಕೆಳಗೆ, ಬೆನ್ನು, ತೊಡೆ ಸಂದು, ಮಂಡಿ ಅಥವಾ ಪಾದ. ಟಾರ್ಚ್ ಬಿಟ್ಟು ಆದಷ್ಟು ಒಳಗೆ ನೋಡಿ. ಬೆರಳು ಹೋಗುವಷ್ಟು ದೂರ ಮೆಲ್ಲಗೆ ಮುಟ್ಟಿ ನೋಡಿ. ಕೆಂಪಾಗಿದೆಯಾ, ತರಚಿದೆಯಾ, ಗುಳ್ಳೆ ಎದ್ದಿದೆಯಾ? ಪ್ಲಾಸ್ಟರಿನ ಮೇಲೆ ಅಂಗೈ ಆಡಿಸಿ, ಒಂದು ಕಡೆ ಮಾತ್ರ ಬಿಸಿ ಅನಿಸುತ್ತದೆಯಾ? ಕೊನೆಗೆ ಅಂಚಿಗೆ ಮೂಗು ಹತ್ತಿರ ತಂದು ವಾಸನೆ ನೋಡಿ. ಉಚ್ಚೆ ಬೆವರಿನ ವಾಸನೆ ಇದ್ದೇ ಇರುತ್ತದೆ. ಕೊಳೆತ ಹಾಗೆ ಹೊಸ ವಾಸನೆ ಬಂದರೆ ಒಳಗೆ ಹುಣ್ಣಾಗಿರಬಹುದು.

ಇರುವೆಯ ವಿಷಯ ಯಾವ ಡಿಸ್ಚಾರ್ಜ್ ಚೀಟಿಯಲ್ಲೂ ನಾನು ಕಂಡಿಲ್ಲ, ಆದರೆ ನಮ್ಮ ಮನೆಗಳಲ್ಲಿ ಇದು ದೊಡ್ಡ ಮಾತು. ಹಾಲು, ಬಿಸ್ಕತ್ತಿನ ಪುಡಿ, ಉಚ್ಚೆ ಎಲ್ಲಕ್ಕೂ ಇರುವೆ ಬರುತ್ತದೆ. ಪ್ಲಾಸ್ಟರಿನೊಳಗೆ ಹೋದರೆ ಮಗು ಅಳುವುದು ಬಿಟ್ಟು ಬೇರೆ ದಾರಿಯಿಲ್ಲ. ನನ್ನ ಅತ್ತೆ ಹಳೆಯ ಪದ್ಧತಿಯಂತೆ ಮಂಚದ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿಟ್ಟರು. ಮಂಚ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲವಾದರೆ ಸೊಳ್ಳೆ ಮರಿ ಮಾಡುತ್ತದೆ. ಪ್ಲಾಸ್ಟರಿನ ಹತ್ತಿರ ಇರುವೆ ಪುಡಿ, ಸ್ಪ್ರೇ ಹಾಕಬೇಡಿ.

ಎತ್ತುವುದು, ತಿರುಗಿಸುವುದು

ಕೆಲವು ಪ್ಲಾಸ್ಟರಿನಲ್ಲಿ ಎರಡು ಕಾಲಿನ ನಡುವೆ ಅಡ್ಡಕೋಲು ಇರುತ್ತದೆ. ನೋಡಿದರೆ ಹಿಡಿಕೆಯ ಹಾಗೇ ಕಾಣುತ್ತದೆ. ಅದನ್ನು ಹಿಡಿದು ಎತ್ತಲೇಬಾರದು, ತಿರುಗಿಸಲೂಬಾರದು. ಕೋಲು ಕಿತ್ತು ಬಂದರೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಮನೆಗೆ ಬರುವ ನೆಂಟರಿಗೂ ಇದನ್ನು ಹೇಳಿ.

ಎತ್ತುವಾಗ ಒಂದು ಕೈ ಭುಜ ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡಿ ತೊಡೆಯ ಕೆಳಗೆ. ಕಂಕುಳಲ್ಲಿ ಕೈ ಹಾಕಿ ಎತ್ತಿದರೆ ಪ್ಲಾಸ್ಟರಿನ ಭಾರವೆಲ್ಲ ಮಗುವಿನ ಮೈ ಮೇಲೆ ಜೋತು ಬೀಳುತ್ತದೆ. ಮೊದಲ ಕೆಲವು ದಿನ ಇಬ್ಬರು ಸೇರಿ ಎತ್ತಿ. ನಿಮ್ಮ ಮಂಡಿ ಬಗ್ಗಿಸಿ, ಮಗುವನ್ನು ಎದೆಗೆ ಒತ್ತಿಕೊಂಡು ಏಳಿ. ಸೊಂಟ ಬಗ್ಗಿಸಿ ಎತ್ತಿದರೆ ಒಂದೇ ವಾರದಲ್ಲಿ ನೀವೇ ಮಲಗಬೇಕಾಗುತ್ತದೆ. ಸಿಸೇರಿಯನ್ ಆಗಿ ಹೆಚ್ಚು ದಿನವಾಗಿಲ್ಲದ ತಾಯಂದಿರು ಎತ್ತುವ ಕೆಲಸವನ್ನು ಬೇರೆಯವರಿಗೆ ಬಿಡಿ.

ಒಂದೇ ಭಂಗಿಯಲ್ಲಿ ಬಿಡಬಾರದು. ಹಗಲು ಎರಡು ಮೂರು ಗಂಟೆಗೊಮ್ಮೆ ಅಂಗಾತ, ಮಗ್ಗುಲು, ಡಾಕ್ಟರು ಒಪ್ಪಿದ್ದರೆ ಬೋರಲು ಹೀಗೆ ಬದಲಾಗಲಿ. ರಾತ್ರಿ ಡೈಪರ್ ಬದಲಾಯಿಸುವಾಗ ಒಮ್ಮೆ ತಿರುಗಿಸಿ. ತಿರುಗಿಸುವಾಗ ಮೊದಲು ಮಗುವನ್ನು ಹಾಸಿಗೆಯ ಒಂದು ಅಂಚಿಗೆ ಸರಿಸಿ, ಮೈ ಕಾಲು ಎಲ್ಲವನ್ನೂ ಒಟ್ಟಿಗೆ ನಿಮ್ಮ ಕಡೆಗೆ ಹೊರಳಿಸಿ. ಬೋರಲು ಮಲಗಿಸಿದಾಗ ಎದೆಯ ಕೆಳಗೆ ದಿಂಬು, ಕಣಕಾಲಿನ ಕೆಳಗೆ ಸುತ್ತಿದ ಟವೆಲ್. ಕಾಲ್ಬೆರಳು ಹಾಸಿಗೆಗೆ ಒತ್ತದಿರಲಿ. ಪುಟ್ಟ ಕೂಸನ್ನು ಬೋರಲು ಮಲಗಿಸಿ ಬಿಟ್ಟು ಹೋಗಬೇಡಿ, ನಿದ್ದೆಗೆ ಹೋದರೆ ಅಂಗಾತ ಮಾಡಿ.

ಪ್ಲಾಸ್ಟರ್ ಹಾಕಿದ ಮಗು ಉರುಳುವುದಿಲ್ಲ ಅಂದುಕೊಂಡು ಮಂಚದ ಮೇಲೆ ಒಂಟಿಯಾಗಿ ಬಿಡುವವರಿದ್ದಾರೆ. ಕೆಲವೇ ದಿನದಲ್ಲಿ ಉರುಳಲು ಕಲಿಯುತ್ತವೆ. ಹಗಲು ನೆಲದ ಮೇಲಿನ ಹಾಸಿಗೆಯೇ ಕ್ಷೇಮ, ಇರುವೆ ನೋಡಿಕೊಂಡು.

ಊಟ

ಹೊಟ್ಟೆಯ ಸುತ್ತ ಪ್ಲಾಸ್ಟರ್ ಇರುವುದರಿಂದ ಒಂದೇ ಸಲ ಹೊಟ್ಟೆ ತುಂಬಿದರೆ ಮಗುವಿಗೆ ಬಿಗಿಯಾಗುತ್ತದೆ. ಅದಕ್ಕೇ ಹೊಟ್ಟೆಯ ಮೇಲೆ ದುಂಡಗೆ ಕಿಂಡಿ ಬಿಟ್ಟಿರುತ್ತಾರೆ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ ಕೊಡಿ. ಅಲುಗಾಟ ಇಲ್ಲದ್ದರಿಂದ ಮಲಬದ್ಧತೆ ಬರುವುದು ಸಾಮಾನ್ಯ. ಅಳುತ್ತದೆ ಅಂತ ಸುಮ್ನೆ ಹಾಲು ಬಿಸ್ಕತ್ತು ಕೊಡುತ್ತಾ ಹೋದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ನೆನೆಸಿ ಕಿವುಚಿದ ಒಣದ್ರಾಕ್ಷಿ, ಪಪ್ಪಾಯಿ, ಬಾಳೆಹಣ್ಣು, ಬಸಳೆ ಸೊಪ್ಪು ಹಾಕಿದ ಹೆಸರುಬೇಳೆ, ಆಗಾಗ ನೀರು ಕೊಡಿ. ರಾಗಿ ಸರಿ, ಅಂಬಲಿ ಧಾರಾಳವಾಗಿ ಕೊಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಮೂಳೆ ಕೂಡಲೆಂದು ವಿಶೇಷ ಪುಡಿ, ಲೇಹ್ಯ ಕೊಳ್ಳಬೇಕಾಗಿಲ್ಲ.

ಚಪ್ಪಟೆ ಮಲಗಿದ ಮಗುವಿಗೆ ತಿನ್ನಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಎದೆ ಎತ್ತರಿಸಿ. ಮಂಡಕ್ಕಿ, ಚಕ್ಕುಲಿ, ಮಿಕ್ಸ್ಚರ್ ಬೇಡ, ಪುಡಿ ನೇರ ಎದೆಯ ಅಂಚಿನಿಂದ ಒಳಗಿಳಿಯುತ್ತದೆ. ತಿನ್ನುವಾಗ ಎದೆಯ ಅಂಚಿಗೆ ಟವೆಲ್ ಸಿಕ್ಕಿಸಿ, ತಿಂದಾದ ಮೇಲೆ ತೆಗೆದು ಕೊಡವಿ. ಎದೆಹಾಲು ಕುಡಿಯುವ ಮಗುವಾದರೆ ತಾಯಿ ಮಗ್ಗುಲಾಗಿ ಮಲಗಿ ಕುಡಿಸಬಹುದು, ಅಥವಾ ತನ್ನ ಒಂದು ತೊಡೆಯ ಮೇಲೆ ಮಗುವಿನ ಕಾಲು ಎರಡೂ ಕಡೆ ಬರುವಂತೆ ಎದುರಾಗಿ ಕೂರಿಸಿಕೊಂಡು ಕುಡಿಸಬಹುದು.

ಮೈ ಒರೆಸುವುದು, ತುರಿಕೆ, ಬಟ್ಟೆ

ಸ್ನಾನ ಇಲ್ಲ, ಹಿಂಡಿದ ಬಟ್ಟೆಯಿಂದ ದಿನಾ ಮೈ ಒರೆಸುವುದೇ ಸ್ನಾನ. ತಲೆಗೆ ನೀರು ಹಾಕಬೇಕಾದರೆ ಮಗುವನ್ನು ಮಂಚದ ಅಂಚಿಗೆ ಮಲಗಿಸಿ, ತಲೆಯನ್ನು ಒಬ್ಬರು ಹಿಡಿದು, ಕುತ್ತಿಗೆಗೆ ಟವೆಲ್ಲೂ ಅದರ ಮೇಲೆ ಪ್ಲಾಸ್ಟಿಕ್ಕೂ ಸುತ್ತಿ, ಇನ್ನೊಬ್ಬರು ಚಿಕ್ಕ ಮಗ್ಗಿನಲ್ಲಿ ಹಾಕಲಿ. ಪ್ಲಾಸ್ಟರಿನ ಅಂಚಿಗೆ ಎಣ್ಣೆ, ಪೌಡರ್, ಲೋಷನ್ ಹಾಕಬೇಡಿ. ಎಣ್ಣೆ ಚರ್ಮವನ್ನು ಮೆತ್ತಗೆ ಮಾಡಿ ಬೇಗ ತರಚುವ ಹಾಗೆ ಮಾಡುತ್ತದೆ, ಪೌಡರ್ ಬೆವರಿಗೆ ಗಂಟು ಕಟ್ಟುತ್ತದೆ. ತಿಂಗಳುಗಟ್ಟಲೆ ಎಣ್ಣೆ ನೀರು ಇಲ್ಲದೆ ಕೂಸು ಹೇಗಿರುತ್ತದೆ ಅಂತ ಅಜ್ಜಿಯರಿಗೆ ಸಂಕಟವಾಗುತ್ತದೆ. ಕೈಗೆ, ಮುಖಕ್ಕೆ, ತಲೆಗೆ ಸ್ವಲ್ಪ ಹಚ್ಚಲಿ, ಅವರಿಗೂ ಸಮಾಧಾನ.

ತುರಿಕೆಗೆ ಕಡ್ಡಿ, ಸ್ಕೇಲು, ಹೆಣಿಗೆ ಸೂಜಿ ಯಾವುದನ್ನೂ ಒಳಗೆ ಹಾಕಬೇಡಿ. ಒಳಗಿನ ಹತ್ತಿ ಮುದುಡಿ ಗಂಟಾಗುತ್ತದೆ, ಗೀರು ಬಿದ್ದು ಹುಣ್ಣಾಗುತ್ತದೆ. ಪ್ಲಾಸ್ಟರನ್ನು ಹೊರಗಿನಿಂದ ತಟ್ಟಿ, ಫ್ಯಾನಿನ ಗಾಳಿ ಅಥವಾ ತಣ್ಣನೆ ಗಾಳಿಗೆ ಇಟ್ಟ ಹೇರ್ ಡ್ರೈಯರ್ ಅಂಚಿಗೆ ಬಿಡಿ. ಕಡಿಮೆಯಾಗದಿದ್ದರೆ ಡಾಕ್ಟರು ಔಷಧಿ ಬರೆದುಕೊಡುತ್ತಾರೆ. ಮಣಿ, ನಾಣ್ಯ, ಕ್ರಯಾನ್ ತುಂಡು, ಹುಣಸೆ ಬೀಜ ಮಗುವಿನ ಕೈಗೆ ಸಿಗದಿರಲಿ. ಎಲ್ಲವೂ ಪ್ಲಾಸ್ಟರಿನೊಳಗೇ ಹೋಗುತ್ತವೆ.

ಬಟ್ಟೆಗೆ ಗಂಡಾಗಲಿ ಹೆಣ್ಣಾಗಲಿ ದೊಡ್ಡ ಅಳತೆಯ ಫ್ರಾಕ್ ಸುಲಭ. ಚಡ್ಡಿ ಬೇಕೇ ಬೇಕಾದರೆ ಟೈಲರ ಹತ್ತಿರ ಎರಡೂ ಪಕ್ಕ ಬಿಚ್ಚಿಸಿ ಲಾಡಿ ಹೊಲಿಸಿ. ಪ್ಲಾಸ್ಟರೇ ಒಂದು ಕಂಬಳಿಯಷ್ಟು ಬೆಚ್ಚಗಿರುತ್ತದೆ. ಮಳೆ ಚಳಿ ಅಂತ ಹೊದಿಸಿ ಹೊದಿಸಿ ಬೆವರಿಸಬೇಡಿ. ಬೆರಳಿಗೆ ಸಾಕ್ಸ್, ಮೇಲ್ಮೈಗೆ ತೆಳು ಸ್ವೆಟರ್ ಸಾಕು.

ಮಗುವಿನ ಮನಸ್ಸು

ನಿನ್ನೆ ಓಡುತ್ತಿದ್ದ ಮಗು ಇವತ್ತು ಅಲುಗಾಡಲಾರದು. ಮೊದಲ ವಾರ ಅಳು, ಹಟ, ರಾತ್ರಿ ಬೆಚ್ಚಿ ಏಳುವುದು ಎಲ್ಲ ಇರುತ್ತದೆ. ಮೂಳೆ ಮುರಿದ ಮಕ್ಕಳಲ್ಲಿ ತೊಡೆಯ ಮಾಂಸಖಂಡ ಜಗ್ಗುವುದರಿಂದಲೂ ಹೀಗೆ ಬೆಚ್ಚುತ್ತವೆ. ಡಾಕ್ಟರು ಹೇಳಿದ ನೋವಿನ ಔಷಧಿಯನ್ನು ಮೊದಲ ದಿನಗಳಲ್ಲಿ ತಪ್ಪಿಸಬೇಡಿ. ಒಂದೆರಡು ವಾರದಲ್ಲಿ ಮಕ್ಕಳು ಹೊಂದಿಕೊಳ್ಳುತ್ತವೆ.

ಹಾಸಿಗೆಯನ್ನು ಒಳಕೋಣೆಯಲ್ಲಿ ಇಡಬೇಡಿ. ಜನ ಓಡಾಡುವ ನಡುಮನೆಗೆ ತನ್ನಿ, ಮಳೆ ಇಲ್ಲದ ಹೊತ್ತು ಜಗುಲಿಗೆ. ಬೋರಲು ಮಲಗಿಸಿ ಎದೆಯ ಕೆಳಗೆ ಲೋಡು ಕೊಟ್ಟರೆ ಎರಡೂ ಕೈ ಆಟಕ್ಕೆ ಸಿಗುತ್ತವೆ. ಬಣ್ಣ ಹಚ್ಚುವುದು, ಪಾತ್ರೆ ಜೋಡಿಸುವುದು, ಬಟಾಣಿ ಸುಲಿಯುವಾಗ ಪಕ್ಕದಲ್ಲಿ ಖಾಲಿ ಸಿಪ್ಪೆ ಕೊಡುವುದು, ಏನೂ ಆಗಬಹುದು. ಫೋನು ಕೈಗೆ ಕೊಡುವುದು ಸುಲಭ, ಆದರೆ ಮಗುವಿಗೆ ಬೇಕಾಗಿರುವುದು ಮನುಷ್ಯರ ಮುಖ. ಅಣ್ಣ ಅಕ್ಕಂದಿರಿಗೂ ಒಂದು ಜವಾಬ್ದಾರಿ ಕೊಡಿ. ಬೆಳಿಗ್ಗೆ ಕಾಲ್ಬೆರಳಿಗೆ ಕಚಗುಳಿ ಇಟ್ಟು ಪರೀಕ್ಷಿಸುವ ಕೆಲಸ ನಮ್ಮ ಮನೆಯಲ್ಲಿ ದೊಡ್ಡ ಮಗನದಾಗಿತ್ತು.

ನೋಡಲು ಬಂದವರು ಮಗುವಿನ ಎದುರೇ ‘ಅಯ್ಯೋ ಪಾಪ, ಮುಂದೆ ನಡೀತಾಳೋ ಇಲ್ಲವೋ’ ಅನ್ನುತ್ತಾರೆ. ಎರಡು ವರ್ಷದ ಮಗುವಿಗೂ ಆ ದನಿ ಅರ್ಥವಾಗುತ್ತದೆ. ಅವರನ್ನು ಕಾಫಿಗೆ ಅಂತ ಒಳಗೆ ಕರೆದು ಅಲ್ಲಿ ಮಾತಾಡಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಕಾಲ್ಬೆರಳು ನೀಲಿ, ಬಿಳುಚಿದ ಬಣ್ಣ ಅಥವಾ ತಣ್ಣಗಾಗಿ, ಬೆಚ್ಚಗೆ ಮಾಡಿದರೂ ಸರಿಹೋಗದಿದ್ದರೆ. ಬೆರಳು ಊದಿ, ಅಲುಗಾಡಿಸದಿದ್ದರೆ. ಔಷಧಿ ಕೊಟ್ಟರೂ ಅಳು ನಿಲ್ಲದೆ ನೋವು ಏರುತ್ತಾ ಹೋದರೆ. ಉಸಿರಾಟ ಕಷ್ಟವಾದರೆ. ಮತ್ತೆ ಮತ್ತೆ ವಾಂತಿ, ಅದರಲ್ಲೂ ಹಸಿರು ವಾಂತಿ ಆಗಿ ಹೊಟ್ಟೆ ಉಬ್ಬಿದರೆ. ಇವುಗಳಿಗೆ ಬೆಳಗಾಗಲಿ ಅಂತ ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಿ. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಯಾಗಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರ ಇರುವ ಕಡೆಗೆ ಮೊದಲು ಹೋಗಿ. ಪ್ಲಾಸ್ಟರ್ ಹಾಕಿದ ಆಸ್ಪತ್ರೆಗೇ ಹೋಗಬೇಕೆಂದು ದೂರ ಪ್ರಯಾಣ ಮಾಡಬೇಡಿ.

ಜ್ವರ, ಕೆಟ್ಟ ವಾಸನೆ, ಪ್ಲಾಸ್ಟರಿನ ಮೇಲೆ ಹೊಸ ಕಲೆ, ಬಿರುಕು, ಮೆತ್ತಗಾಗುವುದು, ಒಳಗೆ ಏನಾದರೂ ಬಿದ್ದಿರುವುದು, ಮಗು ಪ್ಲಾಸ್ಟರಿನೊಳಗೆ ಮೇಲಕ್ಕೋ ಕೆಳಕ್ಕೋ ಜಾರಿದಂತೆ ಕಾಣುವುದು, ಇವಕ್ಕೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಯಾರೋ ಹೇಳಿದರೆಂದು ಪ್ಲಾಸ್ಟರ್ ಬಿಚ್ಚಿಸಿ ನಾಟಿ ಕಟ್ಟಿಗೆ ಕರೆದುಕೊಂಡು ಹೋಗಬೇಡಿ. ಕೂರಿಸಿದ ಸೊಂಟ ಮತ್ತೆ ಜಾರಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪ್ಲಾಸ್ಟರ್ ತೆಗೆದ ಮೇಲೆ

ತೆಗೆಯುವ ಯಂತ್ರದ ಸದ್ದು ಜೋರು. ಅದರ ಬ್ಲೇಡು ಗಿರಗಿರನೆ ಸುತ್ತುವುದಿಲ್ಲ, ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಕತ್ತರಿಸುತ್ತದೆ. ಮಗುವಿಗೆ ಮೊದಲೇ ‘ಮಿಕ್ಸಿ ಥರ ಸದ್ದು ಬರುತ್ತೆ, ನಾನು ಕೈ ಹಿಡಿದಿರುತ್ತೀನಿ’ ಅಂತ ಹೇಳಿ.

ಒಳಗಿನ ಚರ್ಮ ನೋಡಿ ಗಾಬರಿಯಾಗಬೇಡಿ. ಕಂದು ಹೊಪ್ಪಳೆ, ಕೂದಲು, ಸಣಕಲು ಕಾಲು, ಎಲ್ಲ ಮಾಮೂಲಿ. ಡಾಕ್ಟರು ಸ್ನಾನಕ್ಕೆ ಒಪ್ಪಿದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಮೈ ನೆನೆಸಿ, ಮೆತ್ತನೆ ಬಟ್ಟೆಯಿಂದ ಸವರಿ. ತಿಕ್ಕಿ ತೆಗೆಯಲು ಹೋಗಬೇಡಿ, ಕೆಲವು ದಿನದಲ್ಲಿ ತಾನಾಗಿ ಉದುರುತ್ತದೆ. ಕೊಬ್ಬರಿ ಎಣ್ಣೆ ಮೆಲ್ಲಗೆ ಹಚ್ಚಬಹುದು. ಆದರೆ ಕಾಲು ಎಳೆದು, ಮಡಿಸಿ, ಜೋರಾಗಿ ಉಜ್ಜುವ ನಮ್ಮ ಎರೆಯುವ ಪದ್ಧತಿ ಈ ಮಕ್ಕಳಿಗೆ ಬೇಡ. ಬಿಗಿದ ಕೀಲನ್ನು ಬಲವಂತವಾಗಿ ಬಗ್ಗಿಸಿದರೆ ಕೂಡಿದ ಮೂಳೆಗೆ ಮತ್ತೆ ಪೆಟ್ಟಾಗಬಹುದು.

ನಡಿಗೆಗೆ ಅವಸರ ಮಾಡಬೇಡಿ. ಮಗು ಮೊದಲು ಹೊರಳುತ್ತದೆ, ಅಂಬೆಗಾಲಿಡುತ್ತದೆ, ಹಿಡಿದು ನಿಲ್ಲುತ್ತದೆ. ಕೆಲವು ವಾರ, ಕೆಲವು ಮಕ್ಕಳಲ್ಲಿ ಒಂದೆರಡು ತಿಂಗಳು, ಕುಂಟುವುದೂ ಸಹಜ. ಸೊಂಟದ ತೊಂದರೆಯ ಮಕ್ಕಳಿಗೆ ಇದಾದ ಮೇಲೆ ಬೆಲ್ಟಿನಂಥ ಪಟ್ಟಿ ಹಾಕುವುದುಂಟು. ತೊಡೆ ಮುರಿದ ಮಕ್ಕಳಲ್ಲಿ ಆ ಕಾಲು ಇನ್ನೊಂದಕ್ಕಿಂತ ಸುಮಾರು 1 ಸೆಂಟಿಮೀಟರ್ ಉದ್ದ ಬೆಳೆಯುವುದು ಗೊತ್ತಿರುವ ವಿಷಯ, ಡಾಕ್ಟರು ಅದನ್ನು ಅಳೆದು ನೋಡುತ್ತಾರೆ. ಸೊಂಟದ ಮಕ್ಕಳಿಗೆ ಬೆಳವಣಿಗೆ ಮುಗಿಯುವ ತನಕ ಆಗಾಗ ಎಕ್ಸ್‌ರೇ ಇರುತ್ತದೆ. ಚೆನ್ನಾಗಿ ಓಡುತ್ತಿದ್ದಾಳಲ್ಲ ಅಂತ ಬಿಡಬೇಡಿ, ಹಳೆಯ ಎಕ್ಸ್‌ರೇ ಎಲ್ಲ ಒಂದೇ ಚೀಲದಲ್ಲಿ ಜೋಪಾನವಾಗಿಡಿ.

ಮನೆಯಲ್ಲಿ ಮುಂದೆ ಇನ್ನೊಂದು ಮಗು ಹುಟ್ಟಿದರೆ ಅದಕ್ಕೂ ಸೊಂಟ ನೋಡಿಸಿ. ಒಡಹುಟ್ಟಿದವರಿಗೆ ಈ ತೊಂದರೆ ಇದ್ದರೆ, ಹೊಟ್ಟೆಯಲ್ಲಿ ಮಗು ಕುಂಡಿ ಕೆಳಗಾಗಿ ಕೂತಿದ್ದರೆ, ಮೊದಲ ಹೆಣ್ಣುಮಗುವಾದರೆ ಸಾಧ್ಯತೆ ಜಾಸ್ತಿ. ಸುಮಾರು 6 ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿದರೆ ಗೊತ್ತಾಗುತ್ತದೆ. ಆಗ ಸಿಕ್ಕಿದರೆ ಹೆಚ್ಚಿನ ಮಕ್ಕಳಿಗೆ ಬೆಲ್ಟಿನಂಥ ಪಟ್ಟಿಯಲ್ಲೇ ಸರಿಹೋಗುತ್ತದೆ, ಪ್ಲಾಸ್ಟರ್ ಬೇಕಾಗುವುದಿಲ್ಲ. ಕೂಸಿನ ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಕತ್ತು ನಿಂತ ಮೇಲೆ ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳಿ, ಆ ಭಂಗಿ ಕೀಲಿಗೆ ಒಳ್ಳೆಯದು.